ಕೋಪನ್‌ಹೇಗನ್ನಿನಲ್ಲಿ ಎರಡು ಲೋಟ ಆಸರಿಗೆ

ಸಿರ್ಸಿ ಬಸ್‌ಸ್ಟ್ಯಾಂಡು

ವಿದೇಶಕ್ಕೆ ನನ್ನನ್ನು ಆರಿಸಲು ಎರಡು ಕಾರಣಗಳಿದ್ದವು. ನನ್ನ ಹತ್ತಿರ ಪಾಸ್‌ಪೋರ್ಟ್ ಇತ್ತು, ಗಂಗಕ್ಕನಿಗೆ ಮೊಣಕಾಲು ನೋವಿತ್ತು. ಪಾಸ್‌ಪೋರ್ಟನ್ನು ನೇಪಾಳಕ್ಕೆ ಹೋಗಲೆಂದು ಮಾಡಿಸಿದ್ದೆ. ನೇಪಾಳಕ್ಕೆ ಅದು ಬೇಡ ಎಂಬುದು ಗಡಿ ದಾಟಿದ ಮೇಲೆ ಗೊತ್ತಾಯಿತು. ಆವತ್ತಿನಿಂದ ಅದು ಒಂದೂ ಠಸ್ಸೆ ಬೀಳದೆ ಕಪಾಟಿನಲ್ಲಿ ಮಲಗಿತ್ತು.

ಗಂಗಕ್ಕ ನನಗೆ ಅಕ್ಕನೂ ಅಲ್ಲ, ನೆಂಟರೂ ಅಲ್ಲ. ಯಲ್ಲಾಪುರ ಕಡೆಯ ಡಾಕ್ಟರು, ಸಿರ್ಸಿಯ ಆಸ್ಪತ್ರೆಯಲ್ಲಿ ನನ್ನ ಮೇಲಿನವರು. ಬೆಳಗ್ಗೆ ರೋಗಿಗಳನ್ನು ನೋಡುತ್ತಾರೆ, ಊಟವಾದ ಮೇಲೆ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಇನ್ಸುಲಿನ್ ಬಗ್ಗೆ ಸಂಶೋಧನೆ ಮಾಡುತ್ತಾರೆ. ಮೂವತ್ತು ವರ್ಷದಿಂದ ಇದೇ ದಿನಚರಿ. ನಾನು ಎಂ.ಡಿ. ಮುಗಿಸಿ ಎರಡು ವರ್ಷದಿಂದ ಅವರ ಕೈಕೆಳಗಿದ್ದೇನೆ. ಆ ಕೋಣೆಯಲ್ಲಿ ಒಡೆದ ಗಾಜಿನ ಸಾಮಾನಿನ ಪಟ್ಟಿಯೊಂದು ಗೋಡೆಗೆ ಅಂಟಿಸಿದೆ. ಒಡೆದವರ ಹೆಸರು ಬರೆದಿಲ್ಲ. ಒಬ್ಬನೇ ಆದ್ದರಿಂದ ಬರೆಯುವ ಅಗತ್ಯ ಬಿದ್ದಿಲ್ಲ.

ಗಂಗಕ್ಕನ ಇಡೀ ಕೆಲಸ ಶುರುವಾಗಿದ್ದು ಬನವಾಸಿ ಕಡೆಯ ಒಬ್ಬ ಅನಾನಸ್ ಹೊರುವ ಮನುಷ್ಯನಿಂದ. ಆಗ ಅವರು ಹೊಸದಾಗಿ ಡ್ಯೂಟಿಗೆ ಸೇರಿದ್ದರಂತೆ. ಬಂದವನು ಗಳದ ಹಾಗೆ ತೆಳ್ಳಗಿದ್ದ. ರಕ್ತದ ಸಕ್ಕರೆ ಮಾತ್ರ ಗಾದಿಯ ಮೇಲೆ ಕೂತು ತಿನ್ನುವ ಸಾಹುಕಾರನದು. ಅವನು ಕೇಳಿದನಂತೆ, “ಅಕ್ಕಾರ, ಸಕ್ಕರಿ ಬ್ಯಾನಿ ದಪ್ಪ ಮಂದೀಗೆ ಬರತೈತಿ ಅಂತಾರ. ನಾ ಎಲ್ಲಿ ದಪ್ಪ ಅದೇನಿ, ನೀವ ತೋರಸ್ರಿ?” ಗಂಗಕ್ಕನಿಗೆ ತೋರಿಸಲಾಗಲಿಲ್ಲ. ಅವತ್ತಿನಿಂದ ಹುಡುಕುತ್ತಿದ್ದಾರೆ. ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ತೆಳ್ಳಗಿನ ಸಕ್ಕರೆ ರೋಗಿಗಳೆಲ್ಲ ಅವರ ರಿಜಿಸ್ಟರಿನಲ್ಲಿದ್ದಾರೆ. ಇನ್ಸುಲಿನ್ ಸಕ್ಕರೆಯನ್ನು ಹೆಚ್ಚಾಗಿ ಒಯ್ದು ತುಂಬುವುದು ಸ್ನಾಯುಗಳಿಗೆ. ಹಾಗಾಗಿ ಮದುವೆ ಮನೆಯಲ್ಲಿ ಪಂಚೆ ಎತ್ತಿಕಟ್ಟಿ ಕೈ ತೊಳೆಯಲು ನಿಂತವರ ಮೀನಖಂಡ ನೋಡುವುದು ಅವರಿಗೆ ರೂಢಿ. ಒಮ್ಮೆ ಮದುಮಗನದನ್ನೇ ನೋಡಿ, “ಮಾಣಿ ದಿನಾ ಸ್ವಲ್ಪ ನಡಿಯವು” ಎಂದು ಹೆಣ್ಣಿನ ಕಡೆಯವರ ಎದುರೇ ಹೇಳಿದ್ದರು.

ಈ ಪ್ರಯಾಣದ ವಿಷಯ ಇಷ್ಟು. ಕೋಪನ್‌ಹೇಗನ್ನಿನ ಪ್ರೊಫೆಸರ್ ಹೆನ್ರಿಕ್ ಅವರ ಹತ್ತಿರ ರಕ್ತದ ಸಕ್ಕರೆಯನ್ನು ಕೂಡಲೇ, ಕರಾರುವಾಕ್ಕಾಗಿ ಹೇಳುವ ಯಂತ್ರ ಒಂದು ಹೆಚ್ಚಿಗೆ ಇತ್ತು. ಅದು ಸಿರ್ಸಿಗೆ ಬಂದರೆ ಗಂಗಕ್ಕ ತಮ್ಮ ರಿಜಿಸ್ಟರಿನ ಜನರ ಮೈಯಲ್ಲಿ ಇನ್ಸುಲಿನ್ ಹೇಗೆ ಕೆಲಸ ಮಾಡುತ್ತದೆ ಎಂದು ಕೊನೆಗೂ ಅಳೆಯಬಹುದು. ಬರುವ ಮಾರ್ಚಿಗೆ ಅವರ ನಿವೃತ್ತಿ. ಆದರೆ ಅಲ್ಲಿ ಆ ಪರೀಕ್ಷೆ ನಡೆಸುವುದು ಕಂಪ್ಯೂಟರು, ಸಿರ್ಸಿಯಲ್ಲಿ ಕರೆಂಟು ಹೋಗುತ್ತದೆ. “ಆನು ಕೈಯಲ್ಲೇ ಮಾಡ್ತೆ” ಎಂದು ಗಂಗಕ್ಕ ಬರೆದರು, ಇಂಗ್ಲಿಷಿನಲ್ಲಿ. ಹಾಗಾದರೆ ಬಂದು ಒಬ್ಬನ ಮೇಲೆ ಮಾಡಿ ತೋರಿಸಿ, ಸರಿ ಬಂದರೆ ಯಂತ್ರ ನಿಮ್ಮದು ಎಂದು ಹೆನ್ರಿಕ್ ಉತ್ತರಿಸಿದರು. ಕೋಣೆ ಸಿಗುವುದು ಒಂದೇ ದಿನ, ಗುರುವಾರ.

ಬಸ್ಸು ಹತ್ತಿಸಲು ಅಪ್ಪಯ್ಯ ಬಂದಿದ್ದ. ಅವನು ಮದುವೆ ಮುಂಜಿಗೆ ಅಡುಗೆ ಮಾಡುವವನು. ಸಿದ್ದಾಪುರ ತಾಲ್ಲೂಕಿನ ಅರ್ಧ ಜನರ ಸಕ್ಕರೆಗೆ ಅವನ ಹೋಳಿಗೆಯ ಕೊಡುಗೆ ಇದೆ. “ಆನು ಊರಿಗೆಲ್ಲ ಸಕ್ಕರೆ ತಿನ್ನಿಸ್ತೆ, ಮಗ ಇಳ್ಸಲೆ ಹೊಂಟಿದ್ದ” ಎಂದು ಕಂಡಕ್ಟರಿಗೆ ನನ್ನ ಪರಿಚಯ ಮಾಡಿಕೊಟ್ಟ. ಆಮೇಲೆ ಒಂದು ಬಾಟಲಿ ಜೋನಿ ಬೆಲ್ಲ ತೆಗೆದ.

“ಅಪ್ಪಯ್ಯ, ಅವು ಸಕ್ಕರೆ ರೋಗದ ಡಾಕ್ಟರು. ಅವ್ಕೆ ಬೆಲ್ಲ ಒಯ್ಯದಾ?”

“ಅವ್ಕೆ ಹಬ್ಬ ಇರ್ತಿಲ್ಯ? ಬರಿಗೈಲಿ ಒಬ್ರ ಮನೆಗೆ ಹೋಪಲಾಗ. ತಗ.”

ಸಾಮಾನು ತಪಾಸಣೆ

ಜೋನಿ ಬೆಲ್ಲ ಎಂದರೆ ಅಚ್ಚಿಗೆ ಹಾಕದ, ಸುರಿಯುವ ಬೆಲ್ಲ. ಕಪ್ಪು ಮಿಶ್ರಿತ ಕೆಂಪು ಬಣ್ಣ. ಅದನ್ನು ಮೂರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮೇಲೆ ಅಪ್ಪಯ್ಯನ ಹಳೆ ಪಂಚೆ ಸುತ್ತಿ, ದಾರ ಕಟ್ಟಿದರೆ ಯಾವ ದೇಶದ ಅಧಿಕಾರಿಗೂ ಸಂಶಯ ಬರುತ್ತದೆ. ಕೋಪನ್‌ಹೇಗನ್ನಿನ ಅಧಿಕಾರಿ ಬಿಚ್ಚುತ್ತಾ ಹೋದ. ಪ್ರತಿ ಪದರಕ್ಕೂ ನನ್ನ ಮುಖ ನೋಡುತ್ತಿದ್ದ. ನಾನು ಪ್ರತಿ ಪದರಕ್ಕೂ ಇನ್ನಷ್ಟು ಅಪರಾಧಿಯಂತೆ ಕಾಣುತ್ತಿದ್ದೆ.

“ಏನಿದು?”

“ಸಕ್ಕರೆ” ಎಂದೆ. ಅವನು ಬಾಟಲಿ ಅಲುಗಾಡಿಸಿದ. ಸಕ್ಕರೆ ನಿಧಾನಕ್ಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಿತು.

“ಯಾವ ಕೆಲಸಕ್ಕೆ?”

“ಪ್ರೊಫೆಸರಿಗೆ.”

ಇನ್ನೂ ಎರಡು ನಿಮಿಷ ಅವನು ಸುಮ್ಮನೆ ನೋಡಿದ್ದರೆ ನಾನು ಮಾಡದ ತಪ್ಪುಗಳನ್ನೂ ಒಪ್ಪಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಸೀರೆ, ಸ್ವೆಟರು, ಓಟದ ಬೂಟು ತೊಟ್ಟ ಗಂಗಕ್ಕ ಕುಂಟುತ್ತಾ ಬಂದರು. ಮುಚ್ಚಳ ತೆಗೆದು, ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ನೆಕ್ಕಿದರು. ಅಧಿಕಾರಿ ಅವರ ಮುಖ ನೋಡಿದ, ಅವರು ಅವನ ಮುಖ ನೋಡಿದರು. ಮುಚ್ಚಳ ಹಾಕಿ ಕೊಟ್ಟ.

“ಬೆಲ್ಲ ತಗಂಬಂದಿದ್ದು ಯಂಗೆ ಹೇಳಿದ್ದಿಲ್ಲೆ” ಎಂದರು ಹೊರಗೆ ಬಂದು.

“ಅಪ್ಪಯ್ಯ ಕೊಟ್ಟ.”

“ಒಳ್ಳೇದಿದ್ದು” ಎಂದು ಅಂಗೈ ಇನ್ನೊಮ್ಮೆ ನೆಕ್ಕಿದರು.

ಸೈಕಲ್ಲಿನ ದಾರಿ

ಈ ಊರಿನಲ್ಲಿ ರಸ್ತೆಯನ್ನು ಕಾರಿಗೆ, ಸೈಕಲ್ಲಿಗೆ, ಕಾಲಿಗೆ ಎಂದು ಪಾಲು ಮಾಡಿ ಕೊಟ್ಟಿದ್ದಾರೆ. ನಾನು ಮೊದಲ ದಿನ ಸೈಕಲ್ಲಿನ ಪಾಲಿನಲ್ಲಿ ನಿಂತು ಆಕಾಶ ನೋಡಿದೆ. ಹಿಂದಿನಿಂದ ಗಂಟೆ ಬಾರಿಸಿದರು. ಸಿರ್ಸಿಯ ಪೇಟೆಯಲ್ಲಿ ಹಾರ್ನ್ ಹೊಡೆದರೆ ಅದು ತನಗೆ ಎಂದು ಯಾರೂ ಅಂದುಕೊಳ್ಳುವುದಿಲ್ಲ. ಇಲ್ಲಿ ಗಂಟೆ ಬಾರಿಸಿದರೆ ನಿನಗೇ. ಎಡಕ್ಕೆ ಹಾರಿದೆ, ಅಲ್ಲಿಯೂ ಸೈಕಲ್ಲು. ಬಲಕ್ಕೆ ಹಾರಿದೆ. ಕೊನೆಗೆ ಅಲುಗಾಡದೆ ನಿಂತೆ. ಒಬ್ಬ ಮುದುಕಿ ಸೈಕಲ್ಲಿನಿಂದ ಇಳಿದು, ನನ್ನ ತೋಳು ಹಿಡಿದು ಕಾಲುದಾರಿಗೆ ತಂದು ನಿಲ್ಲಿಸಿ, ಒಂದೂ ಮಾತಾಡದೆ ಹತ್ತಿಕೊಂಡು ಹೋದಳು.

ಗಂಗಕ್ಕ ಬೆಂಚಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿರಲಿಲ್ಲ. “ಆ ಅಜ್ಜಿ ಮೀನಖಂಡ ಕಂಡ್ಯ ಮಾಣಿ? ಇನ್ಸುಲಿನ್ನಿಗೆ ಅಲ್ಲಿ ಅರ್ಧ ದಿನ ರಜೆ.”

ರೈಲಿನಲ್ಲಿ ಮಾತಾಡಬಾರದ ಡಬ್ಬಿ ಎಂದು ಒಂದು ಇರುತ್ತದೆ. ನಾವು ಅದನ್ನೇ ಹತ್ತಿದ್ದೆವು. ಅಲ್ಲಿಗೆ ಸರಿಯಾಗಿ ಅಪ್ಪಯ್ಯನ ಫೋನು ಬಂತು, ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿದೆ. “ಅಲ್ಲಿ ಊಟಕ್ಕೆ ಎಂತ ಮಾಡ್ತ?” ಎಂಬ ಅಪ್ಪಯ್ಯನ ಪ್ರಶ್ನೆ ಡಬ್ಬಿಯ ಆ ತುದಿಯವರೆಗೆ ಹೋಯಿತು. ಯಾರೂ ತಿರುಗಿ ನೋಡಲಿಲ್ಲ. ಇಲ್ಲಿನವರು ಸಿಟ್ಟು ಬಂದರೆ ತಿರುಗಿ ನೋಡುವುದಿಲ್ಲ.

ಇನ್ನೊಂದು ಸಂಗತಿ ನನಗೆ ಕೊನೆಯವರೆಗೂ ಅರಗಲಿಲ್ಲ. ಇಲ್ಲಿ ಬಂದವರಿಗೆ ಯಾರೂ ಏನೂ ಕೊಡುವುದಿಲ್ಲ. ಏಳು ಸಾವಿರ ಚಿಲ್ಲರೆ ಕಿಲೋಮೀಟರು ಹಾರಿ ಹೋದ ನಮಗೆ ಹೆನ್ರಿಕ್ ಕೈ ಕುಲುಕಿ, “ಕಾಫಿ ಅಲ್ಲಿದೆ” ಎಂದು ಬೆರಳು ತೋರಿಸಿದರು. ಬೆರಳು ತೋರಿಸುವುದು! ನಮ್ಮಲ್ಲಿ ಹಾಗೆ ಮಾಡಿದರೆ ಎರಡು ಮನೆಗಳ ನಡುವೆ ಮೊಮ್ಮಕ್ಕಳ ಕಾಲದವರೆಗೂ ಮಾತು ಇರುವುದಿಲ್ಲ. ಆದರೆ ಅವರು ಕೆಟ್ಟವರಲ್ಲ. ಬೇಕಾದವನು ಬೇಕಾದಷ್ಟು ಹಾಕಿಕೊಳ್ಳಲಿ, ಒತ್ತಾಯ ಮಾಡಿ ಅವನಿಗೆ ಕಷ್ಟ ಕೊಡಬಾರದು ಎಂಬುದು ಅವರ ಮರ್ಯಾದೆ. ಕೊಟ್ಟ ಬೆಲ್ಲವನ್ನು ಹೆನ್ರಿಕ್ ಎರಡೂ ಕೈಯಲ್ಲಿ ತೆಗೆದುಕೊಂಡು, ಮೂಸಿ, ಪ್ರಯೋಗಾಲಯದ ಪಕ್ಕದ ಪುಟ್ಟ ಅಡುಗೆಕೋಣೆಯಲ್ಲಿ ಎಲ್ಲರೂ ನೋಡುವ ಹಾಗೆ ಇಟ್ಟರು.

ನಾಲ್ಕನೇ ಮಹಡಿ

ಹೆನ್ರಿಕ್ ನಲವತ್ತು ವರ್ಷ ಒಂದೇ ಕಟ್ಟಡದ ಒಂದೇ ಮಹಡಿಯಲ್ಲಿ ಇನ್ಸುಲಿನ್ ನೋಡಿದವರು. ಗಂಗಕ್ಕನನ್ನು ಕೂರಿಸಿಕೊಂಡು ಬುಧವಾರವಿಡೀ ಮಾತಾಡಿದರು. ಇಬ್ಬರೂ ಒಂದೇ ಊರಿನವರು, ಇನ್ಸುಲಿನ್ ಎಂಬ ಊರಿನವರು ಎಂದು ತೋರುತ್ತಿತ್ತು. ಅಲ್ಲಿ ನಾನು ಮಾತ್ರ ಪರವೂರಿನವನು.

ಅವರು ಮಾಡುವ ಪರೀಕ್ಷೆಯನ್ನು ಕ್ಲ್ಯಾಂಪ್ ಎನ್ನುತ್ತಾರೆ. ಉಪವಾಸ ಬಂದವನನ್ನು ಮಲಗಿಸಿ ಒಂದು ಕೈಗೆ ಇನ್ಸುಲಿನ್ ಒಂದೇ ಸಮ ಬಿಡುತ್ತಾರೆ. ಬಿಟ್ಟರೆ ರಕ್ತದ ಸಕ್ಕರೆ ಇಳಿಯಬೇಕು. ಇಳಿಯದ ಹಾಗೆ ಸಕ್ಕರೆ ನೀರನ್ನೂ ಜೊತೆಗೆ ಬಿಡುತ್ತಿರಬೇಕು. ಇನ್ನೊಂದು ಕೈಯಿಂದ ಐದೈದು ನಿಮಿಷಕ್ಕೆ ರಕ್ತ ತೆಗೆದು ನೋಡಿ, ಸಕ್ಕರೆ ನೀರನ್ನು ಹೆಚ್ಚು ಕಡಿಮೆ ಮಾಡಿ, ಎರಡು ತಾಸು ಒಂದೇ ಮಟ್ಟದಲ್ಲಿ ನಿಲ್ಲಿಸಬೇಕು. ಹಾಗೆ ನಿಲ್ಲಿಸಲು ತುಂಬ ಸಕ್ಕರೆ ಬೇಕಾಯಿತು ಎಂದರೆ ಆ ಮೈಯಲ್ಲಿ ಇನ್ಸುಲಿನ್ ಚೆನ್ನಾಗಿ ದುಡಿಯುತ್ತಿದೆ. ಸ್ವಲ್ಪವೇ ಸಾಕಾಯಿತು ಎಂದರೆ ಮೈ ಅದರ ಮಾತು ಕೇಳುತ್ತಿಲ್ಲ.

“ನಿನ್ನ ಅಪ್ಪಯ್ಯ ಪಾಕ ನೋಡ್ತ್ನಲಾ, ಹಾಂಗೇಯ” ಎಂದರು ಗಂಗಕ್ಕ ನನಗೆ. “ಬೆಂಕಿ ಮುಂದೆ ತಳ್ಳದಕ್ಕಿಂತ ಮೊದ್ಲು ಸ್ವಲ್ಪ ಕಾಯವು.” ಅವರು ಇದನ್ನು ಕಲಿತದ್ದು ಹರೆಯದಲ್ಲಿ, ಮುಂಬೈಯಲ್ಲಿ, ಕಂಪ್ಯೂಟರು ಇಲ್ಲದ ಕಾಲದಲ್ಲಿ.

ಅಲ್ಲಿನ ಸಕ್ಕರೆಯ ಅಳತೆಯೂ ಬೇರೆ. ನಮ್ಮಲ್ಲಿ ತೊಂಬತ್ತು ಎನ್ನುವುದು ಅವರಲ್ಲಿ ಐದು. ಬೇರೆ ಯಾರದೋ ಪರೀಕ್ಷೆ ನಡೆಯುವಾಗ ಯಂತ್ರದ ಮೇಲೆ ಐದು ಕಂಡು ನಾನು ಗ್ಲೂಕೋಸ್ ಬಾಟಲಿ ಹಿಡಿದು ಓಡಿದೆ. ನಮ್ಮೂರಲ್ಲಿ ಐದು ಎಂದರೆ ಹೆಣ. ಮಲಗಿದವನು ಪತ್ರಿಕೆ ಮಡಚಿ, ಏನಾಗಬೇಕಿತ್ತು ಎಂಬಂತೆ ನೋಡಿದ.

ಗುರುವಾರ, ಬೆಳಗ್ಗೆ ಏಳು

ಗಂಗಕ್ಕ ಕೆಲಸ ಹಂಚಿದರು. “ಇನ್ಸುಲಿನ್ ಕಲಸಿದ್ದಾತಲಾ, ಇನ್ನು ನಿಂಗೆ ಒಂದೇ ಕೆಲ್ಸ. ಬಾಗ್ಲಲ್ಲಿ ನಿತ್ಕ. ಬಂದವಂಗೆ ಮೂರು ಪ್ರಶ್ನೆ ಕೇಳು, ಒಳಗೆ ಕರ್ಕ ಬಾ. ಇದ್ರಲ್ಲಿ ಒಡೆಯಂಥದ್ದು ಎಂತದೂ ಇಲ್ಲೆ.”

ಪರೀಕ್ಷೆಗೆ ತಾನಾಗಿ ಒಪ್ಪಿ ಬಂದವನು ಯೆನ್ಸ್ ಎಂಬ ಬಡಗಿ, ರೋಗವೇನೂ ಇಲ್ಲದವನು. ಐವತ್ತು ವರ್ಷ, ದಿನವೂ ಸೈಕಲ್ಲು. ಪರೀಕ್ಷೆಯ ಹಿಂದಿನ ದಿನದಿಂದ ಸೈಕಲ್ಲು ಹೊಡೆಯಬಾರದು ಎಂಬ ನಿಯಮದಿಂದ ಬಸ್ಸಿನಲ್ಲಿ ಬಂದಿದ್ದ, ಅದಕ್ಕೆ ನಾಚಿಕೊಂಡೂ ಇದ್ದ. ಮಳೆಗಾಳಿಗೆ ಸಿಕ್ಕಿ ತೊಯ್ದು, ಗಡ್ಡದಿಂದ ನೀರು ಇಳಿಯುತ್ತಿತ್ತು. ಹೆಸರು ಕೇಳಿದೆ, ಹೇಳಿದ. ನಿದ್ದೆ ಬಂತೇ ಎಂದೆ, ಬಂತು ಎಂದ. ರಾತ್ರಿಯಿಂದ ಏನಾದರೂ ತಿಂದಿದ್ದೀರಾ, ಕುಡಿದಿದ್ದೀರಾ ಎಂದೆ. ಇಲ್ಲ ಎಂದ. ಮೂರಕ್ಕೂ ಗುರುತು ಹಾಕಿದೆ. ಅವನು ಬೆಂಚಿನ ಮೇಲೆ ಕೂತು ಉಸ್ಸೆಂದ.

ನಮ್ಮ ಕಡೆ ಬಾಯಾರಿಕೆಗೆ ಆಸರು ಎನ್ನುತ್ತಾರೆ. ಹೊರಗಿನಿಂದ ಬಂದು ಉಸ್ಸೆಂದು ಕೂತವನಿಗೆ ಆಸರಿಗೆ ಕೊಡದೆ ಮಾತು ಮುಂದುವರಿಯುವುದಿಲ್ಲ. ನೀರು ಬೆಲ್ಲವೋ ಮಜ್ಜಿಗೆಯೋ, ಏನಾದರೊಂದು. ಬಂದವನು ಸಾಲ ಕೇಳಲಿ, ಜಗಳಕ್ಕೇ ಬಂದಿರಲಿ, ಮೊದಲು ಆಸರಿಗೆ. ನಾನು ಎಂ.ಡಿ. ಆದದ್ದು ಈಚೆಗೆ. ಇದು ನಡೆಯಲು ಕಲಿತಾಗಿನಿಂದ ಇದೆ. ನನ್ನ ಕಾಲು ಅಡುಗೆಕೋಣೆಗೆ ಹೋಯಿತು, ಕೈ ಬಾಟಲಿ ತೆಗೆಯಿತು, ಬೆಚ್ಚಗಿನ ನೀರಿಗೆ ಮೂರು ಚಮಚ ಜೋನಿ ಬೆಲ್ಲ ಹಾಕಿ ಕಲಕಿತು. ತಲೆಯನ್ನು ಯಾರೂ ಕೇಳಲಿಲ್ಲ.

ಯೆನ್ಸ್ ಲೋಟ ನೋಡಿದ, ನನ್ನನ್ನು ನೋಡಿದ, ಗಂಭೀರವಾಗಿ ಪೂರ್ತಿ ಕುಡಿದ. ಇನ್ನೊಂದು ಲೋಟ ಕೊಟ್ಟೆ. ಸಾಕು ಎಂದು ಕೈ ಅಡ್ಡ ಹಿಡಿದ. ಸಾಕು ಎಂದವರಿಗೇ ಅಲ್ಲವೇ ಒತ್ತಾಯ ಮಾಡುವುದು. ಕುಡಿದ.

ನನ್ನ ಕೈಯಲ್ಲಿದ್ದ ಕಾಗದದ ಮೇಲೆ ಅವನು ರಾತ್ರಿಯಿಂದ ಏನೂ ತಿಂದಿರಲಿಲ್ಲ, ಕುಡಿದಿರಲಿಲ್ಲ. ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ.

ಅದೇ ಗುರುವಾರ, ಒಂಬತ್ತು

ಎಂಟಕ್ಕೆ ಶುರು ಮಾಡಿದರು. ಮೊದಲ ರಕ್ತದಲ್ಲೇ ಸಕ್ಕರೆ ಸ್ವಲ್ಪ ಮೇಲಿತ್ತು. ಸೂಜಿ ಕಂಡ ಹೆದರಿಕೆಗೆ ಹೀಗಾಗುತ್ತದೆ ಎಂದರು ಹೆನ್ರಿಕ್. ಇನ್ಸುಲಿನ್ ಹೋಗುತ್ತಿತ್ತು, ಸಕ್ಕರೆ ಇಳಿಯಲಿಲ್ಲ. ಗಂಗಕ್ಕ ಸಕ್ಕರೆ ನೀರನ್ನು ಕಡಿಮೆ ಮಾಡಿದರು. ಇಳಿಯಲಿಲ್ಲ. ಪೂರ್ತಿ ನಿಲ್ಲಿಸಿದರು. ಏರಿತು.

ದಿನವೂ ಸೈಕಲ್ಲು ಹೊಡೆಯುವ ಮೈ. ಅದು ಸಕ್ಕರೆ ಕುಡಿದಷ್ಟೂ ಸಾಲದು ಎನ್ನಬೇಕಿತ್ತು. ಗಂಗಕ್ಕ ನಳಿಗೆ ನೋಡಿದರು, ಪಂಪು ನೋಡಿದರು. “ಇನ್ಸುಲಿನ್ ಸರಿ ಕಲಸಿದ್ಯ?” ಎಂದು ನನ್ನನ್ನು ಕೇಳಿದರು. ಅದನ್ನು ನಾನು ಸರಿಯಾಗಿಯೇ ಮಾಡಿದ್ದೆ. ಚೀಟಿಯ ಮೇಲೆ ಲೆಕ್ಕ ಮತ್ತೆ ಹಾಕಿದರು, ನಮ್ಮ ಅಳತೆಯಲ್ಲಿ ಒಮ್ಮೆ, ಅವರ ಅಳತೆಯಲ್ಲಿ ಒಮ್ಮೆ. ಹೆನ್ರಿಕ್ ಕಂಪ್ಯೂಟರಿನ ಕಡೆ ನೋಡಲಿಲ್ಲ. ನೋಡದೇ ಇರುವುದು ಎಲ್ಲರಿಗೂ ಕಾಣುತ್ತಿತ್ತು.

ಐದು ನಿಮಿಷಕ್ಕೊಮ್ಮೆ ಚುಕ್ಕೆ ಇಡುತ್ತಿದ್ದ ಹಾಳೆಯ ಮೇಲೆ ಗೆರೆ ಯಾಣದ ಬಂಡೆಯ ಹಾಗೆ ಏರುತ್ತಿತ್ತು. ಗಂಗಕ್ಕ ಪೆನ್ನು ಕೆಳಗಿಟ್ಟು, ಬೆರಳುಗಳನ್ನು ಒಮ್ಮೆ ಮಡಚಿ ಬಿಡಿಸಿ ನೋಡಿಕೊಂಡರು. ಮೆಲ್ಲಗೆ, ನನಗೊಬ್ಬನಿಗೇ ತಿಳಿಯುವ ಭಾಷೆಯಲ್ಲಿ ಅಂದರು:

“ಯನ್ನ ಕೈ ಹೋತು ಕಾಣ್ತು, ಮಾಣಿ.”

ಯಂತ್ರ ಸಿರ್ಸಿಗೆ ಬರದಿದ್ದರೂ ನಾನು ಹೇಗೋ ಬದುಕುತ್ತಿದ್ದೆ. ಈ ಮಾತು ಕೇಳಿಕೊಂಡು ನಿಲ್ಲಲು ಆಗಲಿಲ್ಲ. ಆಗ ತಲೆಗೆ ಹೊಳೆಯಿತು. ಎರಡು ತಾಸು ತಡವಾಗಿತ್ತು.

“ಗಂಗಕ್ಕ, ಆನು ಅವಂಗೆ ಆಸರಿಗೆ ಕೊಟ್ಟಿ.”

ಅವರು ನನ್ನನ್ನು ನೋಡಿದರು. “ನೀರಾ?”

“ನೀರು ಬೆಲ್ಲ.”

“ಎಷ್ಟು?”

“ಮೂರು ಚಮಚ. ದೊಡ್ಡ ಚಮಚ.” ಸುಮ್ಮನಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. “ಎರಡು ಲೋಟ.”

“ಅವ ಎರಡು ಲೋಟ ಕೇಳಿದ್ನ?”

“ಇಲ್ಲೆ. ಆನು ಒತ್ತಾಯ ಮಾಡಿದಿ.”

ಗಂಗಕ್ಕ ಬೈಯಲಿಲ್ಲ. ಮೊದಲು ಇನ್ಸುಲಿನ್ ನಿಲ್ಲಿಸಿದರು. ಕುಡಿದ ಬೆಲ್ಲ ಮುಗಿದ ಮೇಲೆ ಸಕ್ಕರೆ ಒಮ್ಮೆಲೇ ಕುಸಿಯಬಹುದು, ಅದಕ್ಕೇ ಸಕ್ಕರೆ ನೀರನ್ನು ತಯಾರಿಟ್ಟುಕೊಂಡು ಯೆನ್ಸ್‌ನ ಪಕ್ಕ ಕುರ್ಚಿ ಎಳೆದರು. ಆಮೇಲೆ ನನಗೆ ಹೇಳಿದರು, “ಈಗ ಪ್ರೊಫೆಸರಿಗೂ ಹೇಳು. ಅವ್ಕೆ ತಿಳಿಯ ಭಾಷೆಲ್ಲಿ.”

ಹೆನ್ರಿಕ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಆಸರಿಗೆಯನ್ನು ಇಂಗ್ಲಿಷಿನಲ್ಲಿ ಹೇಳುವುದು ಎಷ್ಟು ಕಷ್ಟ ಎಂದು ಆವತ್ತು ತಿಳಿಯಿತು. ಎಷ್ಟು ಹೇಳಿದರೂ ಅದು ಉಪವಾಸ ಬಂದವನಿಗೆ ಗುಟ್ಟಾಗಿ ಸಕ್ಕರೆ ಕುಡಿಸಿದ ಹಾಗೆಯೇ ಕೇಳುತ್ತಿತ್ತು. ಮಲಗಿದ್ದಲ್ಲಿಂದಲೇ ಯೆನ್ಸ್ ನನ್ನ ಸಹಾಯಕ್ಕೆ ಬಂದ. “ನಾನು ಅದು ಪರೀಕ್ಷೆಯ ಮೊದಲ ಭಾಗ ಎಂದುಕೊಂಡೆ. ಹೋದ ವರ್ಷದ ಪರೀಕ್ಷೆಯಲ್ಲಿಯೂ ಏನೋ ಸಿಹಿ ಕುಡಿಸಿದ್ದರು. ಇದು ಅದಕ್ಕಿಂತ ತುಂಬ ಚೆನ್ನಾಗಿತ್ತು.”

ಮಧ್ಯಾಹ್ನದ ಹೊತ್ತಿಗೆ ಯೆನ್ಸ್‌ನ ಸಕ್ಕರೆ ಸಮಕ್ಕೆ ಬಂದು ನಿಂತಿತು. ಕೆಟ್ಟ ಪರೀಕ್ಷೆಗೆ ಅಲ್ಲಿ ಒಂದು ಫಾರ್ಮು ಇದೆ. ಕಾರಣದ ಎದುರು ಮೂರು ಚೌಕ: ಯಂತ್ರದ ದೋಷ, ರಕ್ತನಾಳದ ತೊಂದರೆ, ಇತರೆ. ಹೆನ್ರಿಕ್ ಮರ್ಯಾದಸ್ಥರು, ಯಂತ್ರದ ದೋಷ ಎಂದು ಹಾಕೋಣವೇ ಎಂದರು. ಗಂಗಕ್ಕ ಫಾರ್ಮನ್ನು ತಮ್ಮ ಕಡೆಗೆ ಎಳೆದುಕೊಂಡು ಇತರೆಗೆ ಗುರುತು ಹಾಕಿ, ನನ್ನ ಸಹಾಯಕ ಉಪವಾಸ ಬಂದವನಿಗೆ ಎರಡು ಲೋಟ ಬೆಲ್ಲದ ನೀರು ಕೊಟ್ಟಿದ್ದಾನೆ ಎಂದು ಬರೆದರು. ಸಹಾಯಕನ ಹೆಸರನ್ನು ಪೂರ್ತಿ, ತಂದೆಯ ಹೆಸರು ಸಮೇತ ಬರೆದು, ಸಹಿ ಮಾಡಿದರು.

“ಮಶಿನ್ ಮೇಲೆ ಹಾಕಿದ್ರಾಗ್ತಿತ್ತು” ಎಂದೆ.

“ಮೂವತ್ತು ವರ್ಷ ಮಶಿನ್ ಮೇಲೆ ಹಾಕ್ತಾ ಬಂದಿದ್ರೆ ಆನು ಇಷ್ಟೊತ್ತಿಗೆ ದೊಡ್ಡ ಜನ ಆಗ್ತಿದ್ದಿ” ಎಂದರು.

ಹೆನ್ರಿಕ್ ಫಾರ್ಮನ್ನು ಎರಡು ಸಲ ಓದಿದರು. ನಲವತ್ತು ವರ್ಷದಲ್ಲಿ ಇತರೆ ಎಂಬ ಚೌಕಕ್ಕೆ ಗುರುತು ಬಿದ್ದದ್ದು ನೋಡಿಲ್ಲ ಎಂದರು. ನಿಮ್ಮ ವಿಮಾನ ಯಾವಾಗ ಎಂದರು. ಭಾನುವಾರ ಎಂದೆವು. ಯೆನ್ಸ್‌ನ ಕಡೆ ತಿರುಗಿದರು. ಯೆನ್ಸ್ ಬ್ರೆಡ್ಡು ತಿನ್ನುತ್ತಾ, ಶನಿವಾರ ಬರುತ್ತೇನೆ ಎಂದ.

ಶನಿವಾರ

ಈ ಊರಿನಲ್ಲಿ ಶನಿವಾರ ಯಾರೂ ಕೆಲಸಕ್ಕೆ ಬರುವುದಿಲ್ಲ. ಹೆನ್ರಿಕ್ ಸಹ ಅಲ್ಲಿಯವರೆಗೆ ಬಂದವರಲ್ಲ ಎಂಬುದು, ಬೀಗ ತೆಗೆದ ಕೂಡಲೇ ಸೈರನ್ ಹೊಡೆದುಕೊಂಡಾಗ ತಿಳಿಯಿತು. ಅದನ್ನು ನಿಲ್ಲಿಸುವ ಅಂಕಿ ಅವರಿಗೆ ಗೊತ್ತಿರಲಿಲ್ಲ. ಕಾವಲುಗಾರ ಬಂದು ನಲವತ್ತು ವರ್ಷದ ಪ್ರೊಫೆಸರಿಗೆ ಗುರುತಿನ ಚೀಟಿ ಕೇಳಿದ. ಬೇರೆಯವರ ಪಾಲಿಗೂ ಒಂದು ತಪ್ಪು ಬಂದದ್ದರಿಂದ ನನಗೆ ಸಮಾಧಾನವಾಯಿತು.

ಬಾಗಿಲಲ್ಲಿ ಗಂಗಕ್ಕ ತಾವೇ ನಿಂತರು. ನನ್ನನ್ನು ಒಳಗಿನ ಕೋಣೆಯಲ್ಲಿ, ಯೆನ್ಸ್‌ನ ರಕ್ತ ತೆಗೆಯುವ ಕೈಯನ್ನು ಬೆಚ್ಚಗಿಡುವ ಡಬ್ಬಿಯ ಪಕ್ಕ ಕೂರಿಸಿದ್ದರು. ಎದ್ದರೆ ಕೇಳಿ ಏಳಬೇಕು.

ಶುರುವಾಯಿತು. ರಕ್ತ, ಅಂಕಿ, ಚುಕ್ಕೆ. ಗಂಗಕ್ಕ ಒಂದು ಕಣ್ಣು ಹಾಳೆಯ ಮೇಲಿಟ್ಟು ಪಂಪಿನ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು, ಒಮ್ಮೊಮ್ಮೆ ತಿರುಗಿಸದೆ ಸುಮ್ಮನೆ ಕಾಯುತ್ತಿದ್ದರು. ಯೆನ್ಸ್‌ನ ಮೈ ಸಕ್ಕರೆಯನ್ನು ಗಟಗಟನೆ ಎಳೆದುಕೊಳ್ಳುತ್ತಿತ್ತು. ಎಂಬತ್ತು ನಿಮಿಷ ಗೆರೆ ಗುಡ್ನಾಪುರದ ಕೆರೆಯ ನೀರಿನಂತೆ ಅಲುಗಾಡದೆ ಮಲಗಿತ್ತು. ಹೆನ್ರಿಕ್ ಕಂಪ್ಯೂಟರಿನ ಕಡೆ ನೋಡಿದರು, ಈಗ ಧಾರಾಳವಾಗಿ.

ಆಮೇಲೆ ಒಂದು ಮಾತು ಕೇಳಿದರು. “ಯಂತ್ರ ಕಳಿಸಬಹುದು. ಆದರೆ ಮಾರ್ಚಿನಲ್ಲಿ ನೀವು ನಿವೃತ್ತರಾಗುತ್ತೀರಿ. ಆಮೇಲೆ ಇದನ್ನು ಅಲ್ಲಿ ಹಿಡಿಯುವವರು ಯಾರು?”

ಗಂಗಕ್ಕ ಮೊಣಕಾಲು ಹಿಡಿದುಕೊಂಡು ಕುರ್ಚಿಯಿಂದ ಎದ್ದರು.

“ಇನ್ನು ನೀ ಹಿಡಿ.”

“ಆನಾ?”

“ಇಲ್ಲಿ ಮತ್ತೆ ಯಾರಿದ್ದ?”

ಕೂತೆ. ಅವರು ಕಿಟಕಿಗೆ ಹೋಗಿ, ನನಗೆ ಬೆನ್ನು ಹಾಕಿ, ಕೆಳಗೆ ಸೈಕಲ್ಲಿನವರ ಕಾಲು ನೋಡುತ್ತಾ ನಿಂತರು. ಮುಂದಿನ ಅಂಕಿ ಸ್ವಲ್ಪ ಕೆಳಗೆ ಬಂತು. ಅದರ ಮುಂದಿನದು ಇನ್ನೂ ಸ್ವಲ್ಪ ಕೆಳಗೆ. ಗುಂಡಿಯನ್ನು ಒಂದು ಸುತ್ತು ತಿರುಗಿಸಲು ಕೈ ಹಾತೊರೆಯಿತು. ಅದೇ ಕೈ, ಗುರುವಾರದ್ದು. ಅದನ್ನು ಬೇರೆಯವರ ಮಗುವನ್ನು ಹಿಡಿದ ಹಾಗೆ ಇನ್ನೊಂದು ಕೈಯಲ್ಲಿ ಹಿಡಿದುಕೊಂಡೆ. ಕೂದಲೆಳೆಯಷ್ಟು ತಿರುಗಿಸಿದೆ, ಕಾದೆ. ಬೆವರು ಹಾಳೆಯ ಮೇಲೆ ಬಿದ್ದು ಒಂದು ಚುಕ್ಕೆ ಹೆಚ್ಚಾಯಿತು, ಅದನ್ನು ಒರೆಸಿ ನಿಜವಾದದ್ದನ್ನು ಇಟ್ಟೆ. ಅಂಕಿ ಮೇಲೆ ಬಂತು. ನಿಂತಿತು. ನಲವತ್ತು ನಿಮಿಷ ಹೀಗೇ ಹಿಡಿದೆ. ಯೆನ್ಸ್ ನಿದ್ದೆ ಹೋಗಿದ್ದ.

ಗಂಗಕ್ಕನ ಎಂಬತ್ತು ನಿಮಿಷದ ಪಕ್ಕ ನನ್ನ ನಲವತ್ತು ನಿಮಿಷದ ಗೆರೆ ಸ್ವಲ್ಪ ಕುಡಿದವನ ನಡಿಗೆಯಂತಿತ್ತು. ಆದರೆ ಬಿದ್ದಿರಲಿಲ್ಲ.

ಹೆನ್ರಿಕ್ ಯಂತ್ರದ ಕಾಗದ ತೆಗೆದರು. ಜವಾಬ್ದಾರ ಡಾಕ್ಟರರ ಹೆಸರು ಎಂಬ ಗೆರೆಯಲ್ಲಿ ಪೆನ್ನು ಊರಿ ಗಂಗಕ್ಕನನ್ನು ನೋಡಿದರು. ಅವರು ನನ್ನ ಹೆಸರು ಹೇಳಿದರು. ಹೆನ್ರಿಕ್‌ಗೆ ಅದರ ಅಕ್ಷರ ನೆನಪಿರಲಿಲ್ಲ. ಗುರುವಾರದ ಫಾರ್ಮು ತೆಗೆದು, ಬೆಲ್ಲದ ನೀರಿನ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು.

“ಇದೇ ಹೆಸರೇ?”

“ಅದೇ” ಎಂದರು ಗಂಗಕ್ಕ.

ಅದನ್ನೇ ನೋಡಿ ಇಲ್ಲಿಗೆ ಬರೆದುಕೊಂಡರು.

ಹೊರಗೆ ಬಂದು ಅಪ್ಪಯ್ಯನಿಗೆ ಫೋನು ಮಾಡಿದೆ. ಯಂತ್ರ ಸಿರ್ಸಿಗೆ ಬರುತ್ತದೆ, ಅದರ ಜವಾಬ್ದಾರಿ ನನ್ನ ಹೆಸರಿಗಾಯಿತು ಎಂದೆ.

“ತಮಾ, ಅವ್ಕೆ ನಿನ್ನ ವಿಷ್ಯ ಪೂರ್ತಿ ಗೊತ್ತಿದ್ದಾ?”

“ಗೊತ್ತಿದ್ದು ಅಪ್ಪಯ್ಯ” ಎಂದೆ. “ಬರ್ದು, ಸಹಿ ಮಾಡಿ, ಇಟ್ಕಂಡಿದ್ದ.”